ವಾಹನ ನಿಯಂತ್ರಕಗಳಲ್ಲಿ ಕಾರ್ಯಗಳ ಹಂಚಿಕೆ

ಪುಣೆ-ಬೆಂಗಳೂರು ಹೆದ್ದಾರಿಯು ನಿಪ್ಪಾಣಿಯನ್ನು ದಾಟಿದ ಮೇಲೆ ಸ್ತವನಿಧಿಯ ಘಟ್ಟವನ್ನು ಏರುತ್ತದೆ. ಅಲ್ಲಿ ನಿಮಿಷಕ್ಕೆ 2000 ಸುತ್ತು ತಿರುಗುವ, ಆರು ಸಿಲಿಂಡರುಗಳ ಡೀಸೆಲ್ ಎಂಜಿನಿನಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಒಂದು ಸಿಲಿಂಡರಿಗೆ ಇಂಧನವನ್ನು ಚಿಮ್ಮಿಸಬೇಕು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯು ಬೆಂಗಳೂರಿನಲ್ಲಿ ತಯಾರಿಸಿದ ಪಂಪುಗಳಲ್ಲಿ ಈ ಹೊತ್ತನ್ನು ಉಕ್ಕಿನ ಕ್ಯಾಮು ಕಾಯುತ್ತಿತ್ತು. ಮುಂದೆ ಆ ಭಾರವು ನಿಯಂತ್ರಣ ಘಟಕವೆಂಬ ಸಣ್ಣ ಗಣಕಕ್ಕೆ ಬಂದಿತು. ಗಣಕದ ಉತ್ತರವು ಸರಿಯಾಗಿದ್ದರೂ ತಡವಾದರೆ ತಪ್ಪೆಂದೇ ಎಣಿಕೆ.

ಒಂದೇ ಗಣಕವು ಹಲವು ಕಾರ್ಯಗಳನ್ನು ಹೊತ್ತು ತಪ್ಪದೆ ನಡೆಸುವ ಬಗೆಯನ್ನು 1973ರಲ್ಲಿ ಲಿಯು ಮತ್ತು ಲೇಲ್ಯಾಂಡರು ನಿರೂಪಿಸಿದರು. ಹೆಚ್ಚು ಬಾರಿ ಬರುವ ಕಾರ್ಯಕ್ಕೆ ಮೊದಲ ಸ್ಥಾನ. ಸ್ವತಂತ್ರವಾಗಿ ಮರುಕಳಿಸುವ ಕಾರ್ಯಗಳ ಒಟ್ಟು ಹೊರೆಯು ನೂರಕ್ಕೆ 69ನ್ನು ಮೀರದಿದ್ದರೆ ಯಾವುದೂ ತಡವಾಗದು. ಕೋರುಗಳು ಎರಡಾದಾಗ, ಬಿಡುವಾದ ಕೋರಿಗೆ ಮುಂದಿನ ಕಾರ್ಯವನ್ನು ಕೊಟ್ಟರಾಯಿತೆಂದು ಯಾರಿಗಾದರೂ ತೋರುವುದು ಸಹಜ. ಈ ತೋರಿಕೆಯನ್ನು 1978ರಲ್ಲಿ ಧಲ್ ಮತ್ತು ಲಿಯು ಅವರು ಮುರಿದರು. ಅವರ ತರ್ಕವನ್ನು ಅಂಕಿಗಳಲ್ಲಿ ಇಟ್ಟು ನೋಡಬಹುದು. 9 ಮಿಲಿಸೆಕೆಂಡಿಗೊಮ್ಮೆ ಬಂದು 1 ಮಿಲಿಸೆಕೆಂಡು ನಡೆಯುವ ಎರಡು ಕಿರುಕಾರ್ಯಗಳೂ, 10 ಮಿಲಿಸೆಕೆಂಡಿನೊಳಗೆ 9.5ನ್ನು ಬೇಡುವ ಒಂದು ಹಿರಿಕಾರ್ಯವೂ ಇವೆಯೆನ್ನೋಣ. ಕಿರಿಯವೆರಡೂ ಮೊದಲು ಎರಡು ಕೋರುಗಳನ್ನೂ ಹಿಡಿಯುತ್ತವೆ. ಹಿರಿಯದು ಒಂದು ಮಿಲಿಸೆಕೆಂಡು ಕಾದು ಆರಂಭವಾಗುವುದರಿಂದ ಗಡುವು ಮೀರುವುದು ನಿಶ್ಚಯ. ಹೊರೆಯಾದರೋ ಒಟ್ಟು ಶಕ್ತಿಯ ಐದರಲ್ಲಿ ಮೂರು ಪಾಲೂ ಇಲ್ಲ! ಕಿರಿಯವೆರಡನ್ನು ಒಂದು ಕೋರಿಗೂ ಹಿರಿಯದನ್ನು ಇನ್ನೊಂದಕ್ಕೂ ಮೊದಲೇ ಗೊತ್ತುಮಾಡಿದರೆ ಯಾವ ತೊಡಕೂ ಇರುವುದಿಲ್ಲ.

ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹಳ್ಳಿಗಳಿಗೆ ಇಂಥ ಕಟ್ಟು ಹೊಸದಲ್ಲ. ಆಯಗಾರರ ಪದ್ಧತಿಯಿದ್ದ ಕಾಲದಲ್ಲಿ, ಬಿತ್ತನೆಯ ದಿನಗಳಲ್ಲಿ ಕಂಬಾರನಿಗೆ ಬಿಡುವಿಲ್ಲದಿದ್ದರೂ ಕುಂಬಾರನು ಕುಳ ತಟ್ಟಲು ಹೋಗುತ್ತಿರಲಿಲ್ಲ.

ವಾಹನೋದ್ಯಮವು ಹಿಡಿದ ದಾರಿಯೂ ಅದೇ. 2003ರಲ್ಲಿ ಹುಟ್ಟಿದ ಆಟೋಸಾರ್ ಒಕ್ಕೂಟವು 2009ರ ಕೊನೆಗೆ ಪ್ರಕಟಿಸಿದ 4.0 ನಿಯಮಾವಳಿಯಲ್ಲಿ ಬಹುಕೋರ್ ಗಣಕಗಳಿಗೆ ಎಡೆಗೊಟ್ಟಿತು. ಆದರೆ ಪ್ರತಿಯೊಂದು ಕಾರ್ಯವೂ ಯಾವ ಕೋರಿನದೆಂಬುದನ್ನು ರಚನೆಯ ಕಾಲದಲ್ಲೇ ಬಿಗಿಯಬೇಕು, ವಾಹನವು ಓಡುವಾಗ ಬದಲಿಸುವಂತಿಲ್ಲ. ಆದುದರಿಂದ ಇಲ್ಲಿ ಹೊರೆಯ ಸಮತೂಕವೆಂಬುದು ಯಂತ್ರದ ಕೆಲಸವಲ್ಲ, ಎಂಜಿನಿಯರರದು. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿಎಸ್-6 ನಿಯಮವು ಜಾರಿಗೆ ಬಂದು ಹೊಗೆಯ ಶುದ್ಧಿಗೆ ಸಂಬಂಧಿಸಿದ ಲೆಕ್ಕಗಳು ಹೆಚ್ಚಿದ ಮೇಲೆ ಅವರ ಹೊಣೆ ಇನ್ನಷ್ಟು ಬಿಗಿಯಾಯಿತು.

ಇದಕ್ಕೆ ತೆರುವ ಬೆಲೆ ಅಲ್ಪವಲ್ಲ. ಇಂಧನದ ಕೋರಿಗೆ ಎಂಜಿನಿನ ಪರಮವೇಗವನ್ನು ಎಣಿಸಿಯೇ ಕೆಲಸ ಹಂಚಬೇಕು. ಲಾರಿಯು ಘಟ್ಟವಿಳಿದು ನಿಪ್ಪಾಣಿಯಲ್ಲಿ ನಿಂತು, ಎಂಜಿನು 600 ಸುತ್ತಿಗೆ ಇಳಿದಾಗ 10 ಮಿಲಿಸೆಕೆಂಡಿನ ಅಂತರವು 33 ಆಗುತ್ತದೆ. ಆಗ ಆ ಕೋರು ಬಹುಪಾಲು ಬರಿದೆ ಕುಳಿತಿದ್ದರೂ ನೆರೆಯ ಕೋರಿನ ಕೆಲಸವನ್ನು ಮುಟ್ಟುವುದಿಲ್ಲ.