ಅಂಚಿನ ಕೆಲಸ, ಒಳಗಿನ ನೋಟ: ವಿಶ್ವವಿದ್ಯಾಲಯದ ಇಂಟರ್ನ್‌ಶಿಪ್‌ನಲ್ಲಿ ಕಲಿಕೆ ನಡೆಯುವ ಬಗೆ

ಪದವಿ ಶಿಕ್ಷಣದಲ್ಲಿ ಇಂಟರ್ನ್‌ಶಿಪ್ ಈಗ ಉತ್ಸಾಹಿಗಳ ಪಾಲಿನ ಹೆಚ್ಚುವರಿ ಸಂಗತಿಯಾಗಿ ಉಳಿದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪಠ್ಯಕ್ರಮ ಮತ್ತು ಕ್ರೆಡಿಟ್ ಚೌಕಟ್ಟು, ಮೂರು ವರ್ಷದ ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ ಎರಡರಿಂದ ನಾಲ್ಕನ್ನು ಬೇಸಿಗೆ ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿತು. ಒಂದು ಕ್ರೆಡಿಟ್‌ಗೆ 30 ಗಂಟೆಯಂತೆ ಇದು 60ರಿಂದ 120 ಗಂಟೆಗಳ ಕೆಲಸ. ದಿನಕ್ಕೆ ಎಂಟು ಗಂಟೆ ಹಿಡಿದರೆ ಹೆಚ್ಚೆಂದರೆ ಹದಿನೈದು ದಿನ. ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳಿನದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಸತತ ಮೂರು ಬೇಸಿಗೆ ಕರೆಸಿಕೊಂಡು, ಕೊನೆಗೆ ಡಿಪ್ಲೊಮಾ ಕೊಡುವ ಕಾರ್ಯಕ್ರಮಗಳನ್ನು ರೂಪಿಸಿದೆ. ಅವಧಿಗಳು ಹೀಗೆ ಬೇರೆಬೇರೆಯಾದರೂ ಪ್ರಶ್ನೆ ಒಂದೇ: ಇಷ್ಟು ಕಡಿಮೆ ಕಾಲ ಒಂದು ವಿಭಾಗದಲ್ಲೋ ಪ್ರಯೋಗಾಲಯದಲ್ಲೋ ಇದ್ದುಬರುವ ವಿದ್ಯಾರ್ಥಿ ಅಲ್ಲಿಂದ ಏನನ್ನು ಪಡೆಯಬಹುದು, ಹೇಗೆ ಪಡೆಯಬಹುದು?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ಇಂಟರ್ನ್‌ಗೆ ಒಂದು ಸ್ವಂತ ಪ್ರಾಜೆಕ್ಟ್ ಇರಬೇಕು ಎಂಬುದು. ವಿದ್ಯಾರ್ಥಿಗಳು ಅದನ್ನೇ ಕೇಳುತ್ತಾರೆ, ಮಾರ್ಗದರ್ಶಕರೂ ಅದನ್ನೇ ಹುಡುಕಿ ಕೊಡುತ್ತಾರೆ. ಎರಡು ತಿಂಗಳಲ್ಲಿ ಮುಗಿಯುವಂತೆ ಕತ್ತರಿಸಿ ಕೊಟ್ಟ ಪ್ರಾಜೆಕ್ಟ್ ಹೆಚ್ಚಿನ ಪಾಲು ಉತ್ತರ ಮೊದಲೇ ಗೊತ್ತಿರುವ ಅಭ್ಯಾಸವಾಗಿರುತ್ತದೆ. ಆ ವಿಭಾಗದ ನಿಜವಾದ ಕೆಲಸಕ್ಕೂ ಅದಕ್ಕೂ ಸಂಬಂಧ ಕಡಿಮೆ. ಇದಕ್ಕಿಂತ, ಬೇರೆಯವರ ದೊಡ್ಡ ಕೆಲಸದ ಅಂಚಿನಲ್ಲಿ ಒಂದು ಸಣ್ಣ ಹೊಣೆ ಹೊರುವುದರಲ್ಲೇ ಹೆಚ್ಚು ಕಲಿಕೆ ಇದೆ ಎಂಬುದು ಈ ಲೇಖನದ ವಾದ. ಆದರೆ ಒಂದು ಷರತ್ತು: ಆ ಅಂಚಿನಲ್ಲಿ ನಿಂತವರಿಗೆ ಒಳಗಿನ ಕೆಲಸ ಕಾಣುತ್ತಿರಬೇಕು.

ದರ್ಜಿಗಳು ಮತ್ತು ಮಾಂಸ ಕತ್ತರಿಸುವವರು

ಈ ಷರತ್ತಿನ ಮೂಲ ಮಾನವಶಾಸ್ತ್ರದಲ್ಲಿದೆ. ಜೀನ್ ಲೇವ್ 1970ರ ದಶಕದಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೈ ಮತ್ತು ಗೋಲಾ ಸಮುದಾಯದ ದರ್ಜಿಗಳ ನಡುವೆ ಕ್ಷೇತ್ರಕಾರ್ಯ ನಡೆಸಿದರು. ಅಲ್ಲಿ ಹೊಸದಾಗಿ ಸೇರಿದ ಹುಡುಗ ಕತ್ತರಿ ಮುಟ್ಟುವುದಿಲ್ಲ. ಮೊದಲು ಗುಂಡಿ ಹಾಕುತ್ತಾನೆ, ಅಂಚು ಮಡಿಸಿ ಹೊಲಿಯುತ್ತಾನೆ. ಆಮೇಲೆ ತುಂಡುಗಳನ್ನು ಕೂಡಿಸಿ ಹೊಲಿಯುವುದು. ಬಟ್ಟೆ ಕತ್ತರಿಸುವುದು ಎಲ್ಲಕ್ಕಿಂತ ಕೊನೆ. ಬಟ್ಟೆ ಸಿದ್ಧವಾಗುವ ಕ್ರಮ ಒಂದಾದರೆ ಕಲಿಯುವ ಕ್ರಮ ಅದಕ್ಕೆ ತಲೆಕೆಳಗು. ಕತ್ತರಿಸುವಾಗ ಆದ ತಪ್ಪಿಗೆ ಇಡೀ ಬಟ್ಟೆಯ ಬೆಲೆ ತೆರಬೇಕು, ಗುಂಡಿ ಹಾಕುವಾಗ ಆದ ತಪ್ಪನ್ನು ಬಿಚ್ಚಿ ಸರಿಪಡಿಸಬಹುದು ಎಂಬುದು ಒಂದು ಕಾರಣ. ಸಿದ್ಧವಾದ ಉಡುಪನ್ನು ಕೈಯಲ್ಲಿ ಹಿಡಿದು ಕೂತವನಿಗೆ ಅದರ ತುಂಡುಗಳು ಹಾಗೇಕೆ ಕತ್ತರಿಸಲ್ಪಟ್ಟಿವೆ ಎಂಬುದು ಮೆಲ್ಲಗೆ ಹೊಳೆಯುತ್ತದೆ ಎಂಬುದು ಇನ್ನೊಂದು. ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಅಂಚಿನ ಪಾಲ್ಗೊಳ್ಳುವಿಕೆಯನ್ನೇ ಕಲಿಕೆಯ ಸಹಜ ರೂಪವೆಂದು ಸಿದ್ಧಾಂತೀಕರಿಸಿದರು.

ಆ ಗ್ರಂಥವನ್ನು ಉಲ್ಲೇಖಿಸುವವರು ದರ್ಜಿಗಳ ಬಳಿಯೇ ನಿಂತುಬಿಡುವುದುಂಟು. ಅದರಲ್ಲೇ ಇನ್ನೊಂದು ಉದಾಹರಣೆಯಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಮಾಂಸ ಕತ್ತರಿಸುವ ಕಸುಬು ಕಲಿಯಲು ಬಂದವರನ್ನು ಪೊಟ್ಟಣ ಕಟ್ಟುವ ಯಂತ್ರದ ಮುಂದೆ ನಿಲ್ಲಿಸಲಾಗಿತ್ತು. ಅದೂ ಅಂಚಿನ ಕೆಲಸವೇ. ಆದರೆ ಅಲ್ಲಿಂದ ನುರಿತವರು ಮಾಂಸ ಕತ್ತರಿಸುವ ಮೇಜು ಕಾಣುತ್ತಿರಲಿಲ್ಲ. ಯಂತ್ರದ ಕೆಲಸದಲ್ಲಿ ಪಳಗಿದಷ್ಟೂ ಅವರನ್ನು ಅಲ್ಲಿಯೇ ಇರಿಸಿಕೊಳ್ಳುವುದು ಅಂಗಡಿಗೆ ಲಾಭ. ಹೀಗೆ ಕಸುಬಿನ ಹೆಸರಿನಲ್ಲಿ ಬಂದವರು ಕಸುಬಿನಿಂದ ದೂರವೇ ಉಳಿದರು.

ವಿಶ್ವವಿದ್ಯಾಲಯದಲ್ಲಿ ಈ ಎರಡೂ ಬಗೆಯ ಅಂಚುಗಳಿವೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಅಂಕಿಗಳನ್ನು ತುಂಬುವ ಕೆಲಸ ಒಂದು ಕಡೆ ಪೊಟ್ಟಣ ಕಟ್ಟುವ ಕೆಲಸವಾಗಿರಬಹುದು. ಇನ್ನೊಂದು ಕಡೆ, ಪಕ್ಕದ ಮೇಜಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಯಾವ ಅಂಕಿಯನ್ನು ಏಕೆ ಕೈಬಿಡಬೇಕೆಂದು ಮಾರ್ಗದರ್ಶಕರೊಡನೆ ವಾದಿಸುತ್ತಿದ್ದರೆ, ಅದೇ ಕೆಲಸ ಸಂಖ್ಯಾಶಾಸ್ತ್ರದ ಒಂದು ಸೆಮಿಸ್ಟರ್‌ಗೆ ಸಮನಾದೀತು. ಆದ್ದರಿಂದ ಅರ್ಜಿ ಹಾಕುವಾಗ ವಿದ್ಯಾರ್ಥಿ ಕೇಳಬೇಕಾದ್ದು, ನನಗೆ ಯಾವ ಪ್ರಾಜೆಕ್ಟ್ ಕೊಡುತ್ತೀರಿ ಎಂಬುದಕ್ಕಿಂತ ಮುಂಚೆ, ನಾನು ಕೂರುವುದು ಎಲ್ಲಿ, ವಾರದ ಲ್ಯಾಬ್ ಮೀಟಿಂಗ್‌ಗೆ ಬರಬಹುದೇ, ದಿನವೂ ನನ್ನ ಕೆಲಸ ನೋಡುವವರು ಯಾರು ಎಂಬುದನ್ನು. ಹೆಸರಾಂತ ಪ್ರಾಧ್ಯಾಪಕರ ಕೈಕೆಳಗೆ ಇಂಟರ್ನ್ ಆದವರು ಎರಡು ತಿಂಗಳಲ್ಲಿ ಅವರನ್ನು ಎರಡೇ ಸಲ ಕಂಡಿರುವುದು ಅಪರೂಪವಲ್ಲ. ದಿನನಿತ್ಯದ ಗುರು ಮೂರನೆಯ ವರ್ಷದ ಸಂಶೋಧನಾ ವಿದ್ಯಾರ್ಥಿಯೋ, ಉಪಕರಣದ ಮೇಲ್ವಿಚಾರಕರೋ ಆಗಿರುತ್ತಾರೆ. ಅವರ ಹೆಸರು ಪ್ರಮಾಣಪತ್ರದಲ್ಲಿ ಬರುವುದಿಲ್ಲ.

ಬರಹಕ್ಕೆ ಸಿಗದ ವಿದ್ಯೆ

ಕಣ್ಣಿಗೆ ಕಾಣುವುದಕ್ಕೆ ಇಷ್ಟೊಂದು ಮಹತ್ವ ಏಕೆ? ಪ್ರಕಟವಾದ ಪ್ರಬಂಧ ಓದಿದರೆ ಸಾಲದೇ? ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. ಟಿಇಎ ಎಂಬ ಬಗೆಯ ಇಂಗಾಲದ ಡೈಆಕ್ಸೈಡ್ ಲೇಸರನ್ನು ಬ್ರಿಟನ್ನಿನ ಪ್ರಯೋಗಾಲಯಗಳು ಹೇಗೆ ಕಟ್ಟಿದವು ಎಂದು ಅವರು ಬೆನ್ನುಹತ್ತಿ ನೋಡಿದರು. ಪ್ರಕಟಿತ ಪ್ರಬಂಧಗಳನ್ನಷ್ಟೇ ಓದಿ ಯಾರೊಬ್ಬರೂ ಕೆಲಸಮಾಡುವ ಲೇಸರ್ ಕಟ್ಟಲಾಗಿರಲಿಲ್ಲ. ಯಶಸ್ವಿಯಾದವರೆಲ್ಲ, ಅದನ್ನು ಆಗಲೇ ಕಟ್ಟಿದ್ದವರೊಡನೆ ಒಡನಾಟ ಇದ್ದವರು. ಸ್ವತಃ ಕಟ್ಟದ ಮಧ್ಯವರ್ತಿಗಳಿಂದ ಮಾಹಿತಿ ಪಡೆದವರೂ ಸೋತರು. ಧಾರಕದಿಂದ ವಿದ್ಯುದ್ವಾರಕ್ಕೆ ಹೋಗುವ ತಂತಿ ಗಿಡ್ಡವಿರಬೇಕು ಎಂಬಂಥ ಸಂಗತಿ, ಮಾಡುವವರಿಗೇ ಎಷ್ಟೋ ಸಲ ಹೇಳಬೇಕಾದ ವಿಷಯವೆಂದು ತೋರಿರಲಿಲ್ಲ. ಮೈಕೆಲ್ ಪೊಲಾನಿ 1966ರಲ್ಲಿ ತಾತ್ತ್ವಿಕವಾಗಿ ಮಂಡಿಸಿದ್ದ ಅವ್ಯಕ್ತ ಜ್ಞಾನದ ಕಲ್ಪನೆಗೆ ಇದು ಪ್ರಯೋಗಾಲಯದ ನೆಲದಿಂದಲೇ ಸಿಕ್ಕ ಪುರಾವೆ.

ಮಾನವಿಕಗಳಲ್ಲಿ ಇದು ಇನ್ನೂ ನಿಜ. ಇಂಟರ್ನ್‌ಶಿಪ್ ಎಂದರೆ ಎಂಜಿನಿಯರಿಂಗ್ ಮತ್ತು ವಿಜ್ಞಾನದವರ ಸೊತ್ತೆಂದು ನಮ್ಮ ಕಲಾ ವಿಭಾಗಗಳು ಕೈಕಟ್ಟಿ ಕೂತಿರುವುದು ವಿಚಿತ್ರವಾಗಿದೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿ, ಅಂದರೆ ಇಂದು ಮೈಸೂರು ವಿಶ್ವವಿದ್ಯಾಲಯದ ಅಂಗವಾಗಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ, ಓಲೆಗರಿ ಹಸ್ತಪ್ರತಿಗಳ ದೊಡ್ಡ ಭಂಡಾರ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಗ್ರಂಥಲಿಪಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆಯೆಂದು 1905ರಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು ಆ ಸಂಸ್ಥೆಯ ಗ್ರಂಥಪಾಲಕರು. 1909ರಲ್ಲಿ ಅವರು ಪಠ್ಯವನ್ನು ಪ್ರಕಟಿಸಿದರು. ಬಂದ ಕಟ್ಟನ್ನು ಬಿಚ್ಚಿ, ಗರಿ ಎಣಿಸಿ, ಏನಿದೆಯೆಂದು ಪಟ್ಟಿಗೆ ಏರಿಸುವ ನಿತ್ಯದ ಕೆಲಸವೇ ಆ ಶೋಧದ ದಾರಿಯಾಗಿತ್ತು.

ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬರು ಹಸ್ತಪ್ರತಿ ವಿಭಾಗವೊಂದಕ್ಕೆ ಇಂಟರ್ನ್ ಆಗಿ ಬಂದರೆನ್ನಿ. ಮೊದಲ ವಾರ ಅವರಿಗೆ ಸಿಗುವುದು ಗರಿಗಳ ಧೂಳು ತೆಗೆದು ನಿಂಬೆಹುಲ್ಲಿನ ಎಣ್ಣೆ ಸವರುವುದು, ಗರಿಯ ಅಂಕೆ ನೋಡಿ ಎಲ್ಲಿ ಲೋಪವಾಗಿದೆ ಎಂದು ಬರೆದಿಡುವುದು. ಬೇಸರದ ಕೆಲಸವೆಂದು ತೋರಬಹುದು. ಆದರೆ ಗ್ರಂಥದ ಹೆಸರು ಬಹಳ ಸಲ ಮೊದಲ ಗರಿಯಲ್ಲಿರದೆ ಕೊನೆಯ ಪುಷ್ಪಿಕೆಯಲ್ಲಿರುತ್ತದೆ, ಲಿಪಿಕಾರನ ಹೆಸರೂ ಕಾಲವೂ ಅಲ್ಲೇ ಸಿಗುತ್ತವೆ ಎಂಬುದು ಕೈಗೆ ಹತ್ತುವುದು ಆಗಲೇ. ಮುಂದೆ ಪಾಠ ಹೋಲಿಸುವ ಸರದಿ: ಒಬ್ಬರು ಓದುತ್ತಾರೆ, ಇನ್ನೊಬ್ಬರು ಮತ್ತೊಂದು ಪ್ರತಿಯ ಮೇಲೆ ಕಣ್ಣಿಟ್ಟು ವ್ಯತ್ಯಾಸ ಗುರುತು ಹಾಕುತ್ತಾರೆ. ಪದಗಳ ನಡುವೆ ಬಿಡುವಿಲ್ಲ. ಹಳೆಯ ಬರವಣಿಗೆಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದ ಕಾಣದು. ಪಕಾರ ವಕಾರಗಳು ಒಂದರಂತೆ ಒಂದು. ಎಲ್ಲಿ ಪದ ಒಡೆಯಬೇಕು, ಯಾವ ಪಾಠ ಮೂಲಕ್ಕೆ ಹತ್ತಿರ, ಛಂದಸ್ಸು ಏನು ಹೇಳುತ್ತದೆ ಎಂದು ಸಂಪಾದಕರು ಗುಣಿಸುವುದನ್ನು ಪಕ್ಕದಲ್ಲಿ ಕೂತು ಕೇಳಿದವರಿಗೆ, ಅಚ್ಚಾದ ಕಾವ್ಯದ ಅಡಿಟಿಪ್ಪಣಿಯಲ್ಲಿರುವ ಪಾಠಾಂತರಗಳು ಆಮೇಲೆ ಬೇರೆಯೇ ರೀತಿಯಲ್ಲಿ ಕಾಣುತ್ತವೆ. ಗ್ರಂಥಸಂಪಾದನೆಯ ಪಠ್ಯಪುಸ್ತಕಗಳು ತತ್ತ್ವಗಳನ್ನು ಕೊಡುತ್ತವೆ. ಈ ಗರಿಯಲ್ಲಿ, ಈ ಅಕ್ಷರದಲ್ಲಿ ಅನುಮಾನ ಪಡಬೇಕೆಂಬ ಚುರುಕು ಕೂತು ಕೇಳಿದರೆ ಬರುವಂಥದ್ದು. ಅದೇ ವಿದ್ಯಾರ್ಥಿಗೆ ಮೊದಲ ದಿನವೇ ಒಂದು ಸ್ವಂತ ಪ್ರಾಜೆಕ್ಟ್ ಕೊಟ್ಟು ಗ್ರಂಥಾಲಯಕ್ಕೆ ಕಳುಹಿಸಿದ್ದರೆ, ಅಲ್ಲಿ ಇಲ್ಲಿ ಕೂಡಿಸಿದ ನಲವತ್ತು ಪುಟದ ವರದಿಯೊಂದು ಸಿದ್ಧವಾಗುತ್ತಿತ್ತು.

ನೋಡಿದ್ದು ದಕ್ಕಬೇಕಾದರೆ ಬರೆದಿಡಬೇಕು. ಲ್ಯಾಬ್ ನೋಟ್‌ಬುಕ್ ಇಡುವ ಶಿಸ್ತು ವಿಜ್ಞಾನ ವಿಭಾಗಗಳಲ್ಲಿದೆ: ದಿನಾಂಕ, ಮಾಡಿದ್ದು, ಫಲಿಸದೆ ಹೋದದ್ದು, ಹಾಳೆ ಹರಿಯಬಾರದು, ಅಳಿಸಬಾರದು. ಇದರೊಡನೆ ಇಂಟರ್ನ್ ತನಗಾಗಿ ಇನ್ನೊಂದು ಬರಹ ಇಟ್ಟುಕೊಳ್ಳುವುದು ಒಳಿತು. ಯಾರು ಯಾವ ತೀರ್ಮಾನವನ್ನು ಏಕೆ ತೆಗೆದುಕೊಂಡರು, ಯಾವ ವಾದ ಬಿದ್ದುಹೋಯಿತು, ತನಗೆ ಅರ್ಥವಾಗದ ಮಾತು ಯಾವುದು ಎಂಬುದು ಅದರಲ್ಲಿರಬೇಕು. ವಾರಕ್ಕೊಮ್ಮೆ ಅದರಿಂದ ಒಂದು ಪುಟ ತೆಗೆದು ಮಾರ್ಗದರ್ಶಕರಿಗೆ ಕೊಟ್ಟರೆ ಎರಡು ಲಾಭ: ತಪ್ಪು ತಿಳಿವಳಿಕೆ ಬೇಗ ಸಿಕ್ಕಿಬೀಳುತ್ತದೆ, ಮುಂದೆ ಶಿಫಾರಸು ಪತ್ರ ಬರೆಯುವಾಗ ಅವರ ಕೈಯಲ್ಲಿ ನಿರ್ದಿಷ್ಟ ಸಂಗತಿಗಳಿರುತ್ತವೆ. ಶ್ರದ್ಧಾವಂತ, ಪರಿಶ್ರಮಿ ಎಂದಷ್ಟೇ ಹೇಳುವ ಪತ್ರವನ್ನು ಪ್ರವೇಶ ಸಮಿತಿಗಳು ಓದುವುದೂ ಇಲ್ಲ. ಸಂಪರ್ಕಗಳ ವಿಷಯದಲ್ಲಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಮಂಡಿಸಿದ ಮಾತು ಇಲ್ಲಿಗೂ ಸಲ್ಲುತ್ತದೆ: ಹೊಸ ಮಾಹಿತಿ ಬರುವುದು ಆಪ್ತರಿಂದ ಕಡಿಮೆ, ಅಲ್ಪ ಪರಿಚಯದವರಿಂದ ಹೆಚ್ಚು. ಪಕ್ಕದ ವಿಭಾಗದ ಸೆಮಿನಾರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವುದು ಸಮಯ ಹಾಳು ಮಾಡಿದಂತಲ್ಲ.

ಸಂಸ್ಥೆಯ ಪಾಲು

ಇಲ್ಲಿಯವರೆಗಿನದೆಲ್ಲ ವಿದ್ಯಾರ್ಥಿಯ ಜಾಣ್ಮೆಯ ಮಾತಾಯಿತು. ಅಷ್ಟರಿಂದಲೇ ಕೆಲಸವಾಗದು, ಪೊಟ್ಟಣ ಕಟ್ಟುವ ಯಂತ್ರವನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಕಲಿಯುವವರಲ್ಲ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಕಾರ್ಯಕ್ರಮ ಆರಂಭಿಸಿದರು. ಪದವಿ ವಿದ್ಯಾರ್ಥಿಗಳು ಅಧ್ಯಾಪಕರ ಚಾಲ್ತಿಯಲ್ಲಿರುವ ಸಂಶೋಧನೆಗೇ ಸೇರುವುದು ಅದರ ತಿರುಳು. ಅಲ್ಲಿ ಕ್ರೆಡಿಟ್‌ಗಾಗಿ ದುಡಿಯಬಹುದು, ಸಂಬಳಕ್ಕಾಗಿಯೂ ದುಡಿಯಬಹುದು. ಈ ಎರಡನೆಯ ಆಯ್ಕೆ ಸಣ್ಣದಲ್ಲ. ನಮ್ಮಲ್ಲಿ ಅಪ್ರೆಂಟಿಸ್‌ಗಳ ಕಾಯ್ದೆ 1961ರಿಂದ ಇದೆ, ಪದವೀಧರ ಅಪ್ರೆಂಟಿಸ್‌ಗಳಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮ ತಿದ್ದುಪಡಿ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿತು. ಕ್ರೆಡಿಟ್‌ಗಾಗಿ ಮಾಡುವ ಇಂಟರ್ನ್‌ಶಿಪ್ ಮಾತ್ರ ಈ ಆಸರೆಯ ಹೊರಗೆ. ಬೇಸಿಗೆಯಲ್ಲಿ ದುಡಿದು ಮುಂದಿನ ವರ್ಷದ ಫೀ ಹೊಂದಿಸಿಕೊಳ್ಳಬೇಕಾದ ವಿದ್ಯಾರ್ಥಿನಿಗೆ ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆ ಕೊಟ್ಟು ಸಂಬಳವಿಲ್ಲದೆ ಎರಡು ತಿಂಗಳು ಇರು ಎನ್ನುವುದು, ಬರಬೇಡ ಎನ್ನುವುದಕ್ಕಿಂತ ಹೆಚ್ಚು ಬೇರೆಯಲ್ಲ.

ಲೇಖಕತ್ವದ ವಿಷಯವೂ ಮೊದಲ ವಾರವೇ ಇತ್ಯರ್ಥವಾಗಬೇಕು. ಸಂಶೋಧನೆಯಲ್ಲಿ ಯಾರು ಏನು ಮಾಡಿದರೆಂದು ಹದಿನಾಲ್ಕು ಪಾತ್ರಗಳಾಗಿ ವಿಂಗಡಿಸಿ ಹೇಳುವ ಕ್ರೆಡಿಟ್ (CRediT; ಪದವಿಯ ಕ್ರೆಡಿಟ್ ಅಲ್ಲ) ಎಂಬ ವರ್ಗೀಕರಣವನ್ನು ಅನೇಕ ನಿಯತಕಾಲಿಕಗಳು ಬಳಸುತ್ತಿವೆ. ದತ್ತಾಂಶ ಸಂಗ್ರಹ, ಅದರ ಶುದ್ಧೀಕರಣ, ವಿಶ್ಲೇಷಣೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅಂಚಿನ ಕೆಲಸ ಮಾಡಿದವರ ಹೆಸರು ಲೇಖಕರ ಸಾಲಿನಲ್ಲಿ ಬರಲೇಬೇಕೆಂದಿಲ್ಲ. ಎಲ್ಲಿ ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಆಮೇಲೆ ಮನಸ್ತಾಪ ಇರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಸಂಖ್ಯೆಯ ಪ್ರಶ್ನೆ. ಪದವಿ ವಿದ್ಯಾರ್ಥಿಗಳೆಲ್ಲರಿಗೂ ಇಂಟರ್ನ್‌ಶಿಪ್ ಕಡ್ಡಾಯವಾದರೆ ಅವರನ್ನು ಕೂರಿಸಿಕೊಳ್ಳುವಷ್ಟು ಪ್ರಯೋಗಾಲಯಗಳಾಗಲಿ ಹಸ್ತಪ್ರತಿ ವಿಭಾಗಗಳಾಗಲಿ ನಮ್ಮಲ್ಲಿಲ್ಲ. ಆಗ ಹುಟ್ಟಿಕೊಳ್ಳುವುದು ಪ್ರಮಾಣಪತ್ರ ಮಾರುವ ಆನ್‌ಲೈನ್ ಅಂಗಡಿಗಳು. ಗೀತಾ ಬಂಗೇರ ಮತ್ತು ಸಾರಾ ಬ್ರೌನೆಲ್ 2014ರ ಪ್ರಬಂಧದಲ್ಲಿ ಸೂಚಿಸಿದ ದಾರಿ ಇಲ್ಲಿ ಪರಿಶೀಲನೆಗೆ ತಕ್ಕುದು. ಆಯ್ದ ಕೆಲವರನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಬದಲು, ಉತ್ತರ ಗೊತ್ತಿಲ್ಲದ ನಿಜವಾದ ಸಂಶೋಧನೆಯನ್ನೇ ತರಗತಿಯ ಕೋರ್ಸಿನೊಳಗೆ ತಂದರೆ, ಕೇಳಿ ಪಡೆಯುವ ಧೈರ್ಯವಿಲ್ಲದವರಿಗೂ ಅವಕಾಶ ಸಿಗುತ್ತದೆ ಎಂಬುದು ಅವರ ನಿಲುವು.

ಕರ್ನಾಟಕದ ತಾಲ್ಲೂಕು ಕಾಲೇಜುಗಳಿಗೆ ಇದು ದೂರದ ಮಾತಲ್ಲ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಸಂಖ್ಯೆ ಪಡೆದಿವೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಅವುಗಳ ಪರಿಷ್ಕೃತ ಆವೃತ್ತಿಯನ್ನು ತಂದಿದೆ. ಶಿಕಾರಿಪುರದಲ್ಲೋ ಬೇಲೂರಿನಲ್ಲೋ ಓದುವ ಹತ್ತು ಮಂದಿ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಕಲ್ಲುಗಳ ಪಟ್ಟಿ ಹಿಡಿದು ಊರೂರಿಗೆ ಹೋಗಲಿ. ಯಾವ ಕಲ್ಲು ಹೇಳಿದ ಜಾಗದಲ್ಲಿದೆ, ಯಾವುದು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಗೋಡೆ ಸೇರಿದೆ, ಯಾವುದರ ಅಕ್ಷರಗಳ ಮೇಲೆ ಬಣ್ಣ ಬಳಿದಿದ್ದಾರೆ, ಅಚ್ಚಾದ ಪಾಠಕ್ಕೂ ಕಲ್ಲಿನ ಸಾಲಿಗೂ ಎಲ್ಲಿ ವ್ಯತ್ಯಾಸವಿದೆ ಎಂದು ದಾಖಲಿಸಲು 120 ಗಂಟೆ ಸಾಕು. ವಿಶ್ವವಿದ್ಯಾಲಯದ ಶಾಸನತಜ್ಞರೊಬ್ಬರು ಮೊದಲ ಎರಡು ದಿನ ಜೊತೆಗಿದ್ದು ಪಡಿಯಚ್ಚು ತೆಗೆಯುವುದನ್ನೂ ಓದುವುದನ್ನೂ ತೋರಿಸಿಕೊಡಬೇಕು. ಕೊನೆಗೆ ಬಂದು ವಿದ್ಯಾರ್ಥಿಗಳ ಪಾಠವನ್ನು ಕಲ್ಲಿನ ಎದುರೇ ನಿಂತು ತಿದ್ದಬೇಕು. ಆ ಎರಡು ಭೇಟಿಗಳ ಪ್ರಯಾಣಭತ್ಯೆಯನ್ನು ಯಾವ ಲೆಕ್ಕಶೀರ್ಷಿಕೆಯಿಂದ ಕೊಡಬೇಕೆಂಬುದನ್ನು ಕಾಲೇಜು ಶಿಕ್ಷಣ ಇಲಾಖೆಯೂ ವಿಶ್ವವಿದ್ಯಾಲಯವೂ ಸೇರಿ ಮೊದಲು ತೀರ್ಮಾನಿಸಿಕೊಳ್ಳಬೇಕಾಗುತ್ತದೆ.