ದೋಣಿಗಾಲ್ ಗುಡ್ಡದ ಎಂಟು ಮೂಲೆ ರಂಗೋಲಿ

ಹೋದ ವಾರ ನಮ್ಮನೆಯೋರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಹಸಿರು ಗುಡ್ಡದ ನೆತ್ತಿ ಮೇಲೆ ಯಾರೋ ಕೂತು ಎಂಟು ಮೂಲೆ ರಂಗೋಲಿ ಬಿಟ್ಟಂಗಿತ್ತು. ಕಳಿಸಿದ್ದು ಬೆಂಗಳೂರಲ್ಲಿರೋ ಚಿಕ್ಕಮ್ಮನ ಮೊಮ್ಮಗಳು. "ಇದು ಯಾವ ದೇಶ ಹೇಳಿ ನೋಡೋಣ" ಅಂತ ಕೆಳಗೆ ಬರೆದಿದ್ಲು. ಒಬ್ರು ಇಟಲಿ ಅಂದ್ರು, ಇನ್ನೊಬ್ರು ಫ್ರಾನ್ಸ್ ಅಂದ್ರು. ಆಲೂರಿನ ಅತ್ತಿಗೆ ಮಾತ್ರ, "ಅಯ್ಯೋ, ಇದು ನಮ್ಮ ಮಂಜರಾಬಾದ್ ಕೋಟೆ ಕಣ್ರೇ" ಅಂದ್ರು.

ನನಗೇ ಗುರುತು ಸಿಕ್ಕಿರ್ಲಿಲ್ಲ. ಸಕಲೇಶಪುರದಿಂದ ಮಂಗಳೂರು ರಸ್ತೇಲಿ ಐದಾರು ಕಿಲೋಮೀಟರ್ ಹೋದ್ರೆ ಸಿಗೋ ಗುಡ್ಡ ಅದು. ಎಷ್ಟು ಸಲ ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ಆ ಮೆಟ್ಲು ಹತ್ತಿದೀವಿ! ಒಳಗೆ ನಿಂತೋರಿಗೆ ಕಾಣೋದು ಗೋಡೆ, ಹುಲ್ಲು, ಮಂಜು ಅಷ್ಟೆ. ನಕ್ಷತ್ರ ಕಾಣ್ಬೇಕು ಅಂದ್ರೆ ಹಕ್ಕಿ ಆಗ್ಬೇಕು, ಇಲ್ಲ ಡ್ರೋನ್ ಬೇಕು.

ಹಾಗಾದ್ರೆ 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನ ಕಟ್ಟಿಸಿದಾಗ ಈ ಆಕಾರ ಯಾರು ನೋಡ್ಲಿ ಅಂತ? ಅದು ಚೆಂದಕ್ಕೆ ಮಾಡಿದ್ದಲ್ಲ. ಹಳೇ ಕಾಲದ ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡ್ರೆ ಮೇಲಿನೋರಿಗೆ ಕಾಣ್ತಿರ್ಲಿಲ್ಲ. ನಕ್ಷತ್ರದ ಕೋಟೇಲಿ ಒಂದು ಮೂಲೇಲಿ ನಿಂತೋನಿಗೆ ಪಕ್ಕದ ಮೂಲೆಯ ಗೋಡೆ ಬುಡ ಪೂರ್ತಿ ಕಾಣುತ್ತೆ. ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ. ಫಿರಂಗಿ ಬಂದ ಮೇಲೆ ಇಟಲಿಯೋರು ಶುರು ಮಾಡಿದ ಉಪಾಯ ಇದು. 17ನೇ ಶತಮಾನದಲ್ಲಿ ಫ್ರಾನ್ಸಿನ ವೊಬಾನ್ ಅನ್ನೋ ಎಂಜಿನಿಯರ್ ಇದರಲ್ಲಿ ಹೆಸರು ಮಾಡಿದ. ಟಿಪ್ಪುವಿಗೆ ಫ್ರೆಂಚರ ಸ್ನೇಹ ಇತ್ತಲ್ಲ, ಆ ವಿದ್ಯೆ ನಮ್ಮ ಗುಡ್ಡಕ್ಕೂ ಬಂತು. ಹಾಗಾಗಿ ಫ್ರಾನ್ಸ್ ಅಂದೋರ್ದು ಪೂರ್ತಿ ತಪ್ಪೇನಲ್ಲ.

ಕರಾವಳಿಯಿಂದ ಘಾಟಿ ಹತ್ತಿ ಶ್ರೀರಂಗಪಟ್ಟಣದ ಕಡೆ ಹೋಗೋ ದಾರಿ ಕಾಯೋಕೆ ಈ ಎತ್ತರ ಬೇಕಿತ್ತು. ಒಳಗೆ ಮಧ್ಯದಲ್ಲಿ ಶಿಲುಬೆ ಆಕಾರದ ಕೊಳ, ಮದ್ದು ಇಡೋಕೆ ನೆಲದೊಳಗೆ ತಂಪಾದ ಕೋಣೆ. ಟಿಪ್ಪು ಬಂದಾಗ ಕೋಟೆಯೆಲ್ಲ ಮಂಜು ಮುಚ್ಚಿತ್ತು, ಅದಕ್ಕೇ ಮಂಜರಾಬಾದ್ ಆಯ್ತು ಅಂತ ಹೇಳ್ತಾರೆ. ಹೆಸರು ಎಷ್ಟು ಊರಿತು ಅಂದ್ರೆ, ನಮ್ಮ ತಾಲ್ಲೂಕನ್ನೇ ಹಿಂದೆ ಮಂಜರಾಬಾದ್ ತಾಲ್ಲೂಕು ಅಂತಿದ್ರು. ಅದಕ್ಕೂ ಮುಂಚೆ ಈ ಸೀಮೆಗೆ ಬಲಂ ಅಂತ ಹೆಸರು, ಐಗೂರಿನ ಪಾಳೆಯಗಾರರು ಆಳ್ತಿದ್ರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಐಗೂರಿನ ವೆಂಕಟಾದ್ರಿ ನಾಯಕ ಬ್ರಿಟಿಷರಿಗೆ ಬಗ್ಗಲಿಲ್ಲ. ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದ. 1802ರ ಫೆಬ್ರವರೀಲಿ ನಾಯಕನನ್ನ ಹಿಡಿದು ಗಲ್ಲಿಗೆ ಹಾಕಿದ್ರು. ಕಟ್ಟಿ ಹತ್ತು ವರ್ಷ ಆಗೋದ್ರೊಳಗೆ ಕೋಟೆ ಇಷ್ಟೆಲ್ಲ ನೋಡ್ಬಿಡ್ತು.

ಫೋಟೊ ನೋಡ್ತಾ ನನ್ನ ಮನಸ್ಸು ನಿಂತಿದ್ದು ಬೇರೆ ಕಡೆ. ಟಿಪ್ಪು ಹೆಸರು ಉಳೀತು, ವೊಬಾನ್ ಹೆಸರು ಉಳೀತು, ನಾಯಕನದೂ ಉಳೀತು. ಆ ಕಲ್ಲುಗಳನ್ನ ಗುಡ್ಡದ ತುದಿಗೆ ಸಾಗಿಸಿದೋರು, ಸುಣ್ಣದ ಗಾರೆ ಅರೆದೋರು, ಮಂಜಲ್ಲಿ, ಜಿಗಣೆ ಮಧ್ಯೆ ದುಡಿದೋರು ಯಾರು? ಅವರ ಹೆಸರು ಆ ಗೋಡೆ ಮೇಲೆಲ್ಲೂ ಇಲ್ಲ. ಇರೋದು ಈಗಿನ ಹುಡುಗ್ರು ಮೊಳೇಲಿ ಕೆತ್ತಿದ ತಮ್ಮ ಹೆಸರು ಮಾತ್ರ.

ದಸರಾ ರಜೆಗೆ ಮಕ್ಕಳೆಲ್ಲ ಊರಿಗೆ ಬರ್ತಾವೆ. ಈ ಸಲ ಡಬ್ಬಿ ಬಿಚ್ಚೋಕೆ ಮುಂಚೆ ಗೋಡೆ ಪಕ್ಕದಲ್ಲೇ ಒಂದು ಸುತ್ತು ನಡೆಸೋಣ, ಎಂಟು ಮೂಲೇನೂ ಎಣಿಸಲಿ. ಮಳೆ ನಿಂತ ಮೇಲೆ ಹೊರಡೋಣ, ಕಲ್ಲು ತುಂಬಾ ಜಾರುತ್ತೆ. ಮೊಳೆ ಹಿಡ್ಕೊಂಡ ಕೈ ಕಂಡ್ರೆ, ಯಾರ ಮಗನಾದ್ರೂ ಸರಿ, ಒಂದು ಗದರಿಸಿ. ಬುತ್ತಿ ರೊಟ್ಟಿ ನಂದು. ಚಟ್ನಿ ಯಾರು ತರ್ತೀರ ಈಗಲೇ ಹೇಳ್ಬಿಡಿ.