ಬೆಂಗಳೂರು ದ್ವೀಪವಾಗಿದ್ದ ಕಾಲ

ನಾನು ಬಾಡಿಗೆಗಿರುವ ಸಿದ್ದಾಪುರದ ಮನೆಯ ಕೆಳಗಿನ ಮಹಡಿಯ ಹುಡುಗ ಹೋದ ತಿಂಗಳು ಗಾಡಿ ರಿಪೇರಿಗೆಂದು ನನ್ನಿಂದ 3000 ರೂಪಾಯಿ ಕೈಸಾಲ ಪಡೆದ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ದುಡ್ಡು ಹೋದದ್ದು ಮೊಬೈಲಿನ ಜೂಜಿಗೆ. ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಹತ್ತಿರ ಟೀ ಕುಡಿಯುತ್ತ ಅವನೇ ಒಪ್ಪಿಕೊಂಡ. ನಾನು ಬೈಯುವ ಮೊದಲೇ ಫೋನನ್ನು ಮುಂದೆ ಹಿಡಿದು, ‘ಅಕ್ಕಾ, ಇದು ಕಳ್ಳ ಆಟ ಅಲ್ಲ, ಲೈಸೆನ್ಸ್ ಇದೆ ನೋಡಿ’ ಎಂದ. ಪರದೆಯ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಕೆರಿಬಿಯನ್ ಸಮುದ್ರದ ದ್ವೀಪವೊಂದರ ಹೆಸರೂ ಒಂದು ಸಂಖ್ಯೆಯೂ ಇದ್ದವು.

ಆ ಲೈಸೆನ್ಸ್ ಸುಳ್ಳೇ ಆಗಿರಬೇಕೆಂದಿಲ್ಲ. ಇಂಥ ಪರವಾನಗಿಗೆ ಹೆಸರಾದ ಕುರಸಾವ್ ದ್ವೀಪದಲ್ಲಿ ಅಂತರ್ಜಾಲ ಮನೆಮಾತಾಗುವ ಮೊದಲೇ, 1993ರಲ್ಲಿ, ಹೊರನಾಡಿನ ಗಿರಾಕಿಗಳಿಗೆ ಜೂಜು ನಡೆಸಲು ಅನುಮತಿ ಕೊಡುವ ಕಾನೂನು ಬಂತು. ಕೆಲವೇ ಕಂಪನಿಗಳು ಮುಖ್ಯ ಪರವಾನಗಿ ಹಿಡಿದುಕೊಂಡು, ಅದರಡಿ ಇತರರಿಗೆ ಉಪಪರವಾನಗಿ ಹಂಚುತ್ತಿದ್ದವು. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾನೂನು ಈ ಪದ್ಧತಿಯನ್ನು ಬದಲಿಸಿತು. ಆದರೆ ಮೂಲ ಪ್ರಶ್ನೆ ಹಾಗೇ ಉಳಿದಿದೆ. ಒಂದು ನಾಡಿನ ಸರ್ಕಾರ ಕೊಟ್ಟ ಪರವಾನಗಿ ಇನ್ನೊಂದು ನಾಡಿನ ಆಟಗಾರನ ಜೇಬಿನವರೆಗೆ ನಡೆಯುತ್ತದೆಯೇ?

ನಮ್ಮ ಸುಪ್ರೀಂ ಕೋರ್ಟು 1957ರಲ್ಲಿ ಇಂಥದೇ ಒಂದು ಪ್ರಶ್ನೆಯನ್ನು ಎದುರಿಸಿತು. ಆ ಮೊಕದ್ದಮೆಯಲ್ಲಿ ದ್ವೀಪದ ಜಾಗದಲ್ಲಿದ್ದದ್ದು ನಮ್ಮ ಬೆಂಗಳೂರು.

‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರ ಕಂಪನಿ, ಆರ್‌ಎಂಡಿಸಿ (ಮೈಸೂರು) ಲಿಮಿಟೆಡ್, ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಸಣ್ಣದು, ಬಹುಮಾನ ದೊಡ್ಡದು. ಹೆಸರಿಗೆ ಪದಬಂಧವಾದರೂ ಮೊದಲೇ ತೆಗೆದಿಟ್ಟ ಉತ್ತರಕ್ಕೆ ಯಾರದು ತಾಳೆಯಾಗುತ್ತದೋ ಅವರಿಗೆ ಹಣ. ಭಾಷೆ ಬಲ್ಲವರಿಗಿಂತ ಅದೃಷ್ಟವಂತರಿಗೆ ಅನುಕೂಲ. ಪತ್ರಿಕೆಗೆ ಮುಂಬಯಿ ರಾಜ್ಯದಲ್ಲಿ ದೊಡ್ಡ ಪ್ರಸಾರವಿತ್ತು.

ಮುಂಬಯಿ ಸರ್ಕಾರ 1948ರಲ್ಲೇ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳಿಗೆ ಪರವಾನಗಿ, ತೆರಿಗೆ ವಿಧಿಸುವ ಕಾಯಿದೆ ಮಾಡಿತ್ತು. ಆದರೆ ಪ್ರಾಂತ್ಯದ ಹೊರಗೆ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳನ್ನು ಅದು ಹೊರಗಿಟ್ಟಿತ್ತು. ಆ ಕಿಂಡಿಯನ್ನು 1952ರ ತಿದ್ದುಪಡಿ ಮುಚ್ಚಿತು. ಇತ್ತ ಮೈಸೂರು ರಾಜ್ಯವೂ 1951ರಲ್ಲಿ ಇಂಥದೇ ಕಾಯಿದೆ ಮಾಡಿಕೊಂಡಿತ್ತು. ಕಂಪನಿ ಇಲ್ಲಿ ಪರವಾನಗಿ ಪಡೆದು ತೆರಿಗೆ ಕಟ್ಟುತ್ತಿತ್ತು. ನಾವು ಮೈಸೂರಿನವರು, ಪತ್ರಿಕೆಯೂ ಮೈಸೂರು ರಾಜ್ಯದ್ದು, ಮುಂಬಯಿಯ ಕಾನೂನು ನಮ್ಮನ್ನು ಹೇಗೆ ಮುಟ್ಟುತ್ತದೆ ಎಂಬುದು ಅದರ ವಾದದ ತಿರುಳು. ಮುಂಬಯಿ ಹೈಕೋರ್ಟಿನಲ್ಲಿ ಕಂಪನಿಯೇ ಗೆದ್ದಿತು.

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ತೀರ್ಪು ಅದನ್ನು ತಿರುಗಿಸಿತು. ಅವರು ಅಚ್ಚಿನ ಮನೆ ಎಲ್ಲಿದೆ ಎಂದು ಕೇಳಿ ಸುಮ್ಮನಾಗಲಿಲ್ಲ. ಆಟಗಾರ ಏನೇನು ಮಾಡುತ್ತಾನೆ, ಎಲ್ಲಿ ಮಾಡುತ್ತಾನೆ ಎಂದು ಲೆಕ್ಕ ಹಾಕಿದರು. ಮುಂಬಯಿಯಲ್ಲಿ ಫಾರಂ ಮತ್ತು ಶುಲ್ಕ ಪಡೆಯುವ ಡಿಪೊಗಳಿದ್ದವು, ಸ್ಥಳೀಯ ಏಜೆಂಟರಿದ್ದರು, ಪತ್ರಿಕೆಯ ಜೊತೆಗೆ ಹಂಚಲು 40,000ಕ್ಕೂ ಹೆಚ್ಚು ಬಿಡಿ ಕೂಪನ್‌ಗಳಿದ್ದವು. ಆಹ್ವಾನ ಮುಟ್ಟುವುದು, ಫಾರಂ ತುಂಬುವುದು, ದುಡ್ಡು ಕಟ್ಟುವುದು ಎಲ್ಲ ಅಲ್ಲೇ. ಮುಂಬಯಿಗೆ ತೆರಿಗೆ ಹಾಕುವ ಹಕ್ಕು ಹುಟ್ಟಲು ಆ ನಂಟು ಸಾಕು ಎಂದರು. ಋಗ್ವೇದ, ಮಹಾಭಾರತ, ಮನುವಿನ ಕಾಲದಿಂದ ಜೂಜನ್ನು ಹೇಗೆ ಕಂಡಿದ್ದೇವೆಂದು ನೆನೆದು, ಅದು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದೂ ಹೇಳಿದರು. ಇದೇ ಕಂಪನಿ ಮುಂದೆ ಮೈಸೂರಿನ ತೆರಿಗೆಯನ್ನೂ ಪ್ರಶ್ನಿಸಿ ಸೋತಿತು.

ಅದೇ ದಿನ ಬಂದ ಇನ್ನೊಂದು ತೀರ್ಪು, ಜಾಣ್ಮೆಯೇ ಮುಖ್ಯವಾದ ಸ್ಪರ್ಧೆ ಜೂಜಲ್ಲ, ಅದು ವ್ಯಾಪಾರವೇ ಎಂದಿತು. ಆ ಎಳೆ ದೂರ ಸಾಗಿ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಮಾಡಿದ್ದು ಈ ವ್ಯತ್ಯಾಸವನ್ನು ಹಿಡಿದೇ. ಸಂಸತ್ತು 2025ರಲ್ಲಿ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಜಾಣ್ಮೆ, ಅದೃಷ್ಟ ಎಂದು ನೋಡದೆ ಹಣದ ಆಟವನ್ನೇ ನಿಷೇಧಿಸುತ್ತದೆ. ದೇಶದ ಹೊರಗಿನಿಂದ ನಡೆಸುವ ಆಟಗಳಿಗೂ ತನ್ನನ್ನು ಅನ್ವಯಿಸಿಕೊಳ್ಳುತ್ತದೆ. ಈ ಕೊನೆಯ ಮಾತಿನ ಹಿಂದೆ ನನಗೆ ಕಾಣುವುದು 1957ರ ಡಿಪೊಗಳು, ಕೂಪನ್‌ಗಳು.

ಹಾಗಾಗಿ ದ್ವೀಪದ ಲೈಸೆನ್ಸ್ ತೋರಿಸಿ ‘ಕಳ್ಳ ಆಟ ಅಲ್ಲ’ ಎಂದರೆ ಕಾನೂನಿನ ಕಣ್ಣಲ್ಲಿ ಅದು ಅರ್ಧ ಉತ್ತರ. ಆ ಪರವಾನಗಿ ಆಟ ನಡೆಸುವವನಿಗೂ ಅದನ್ನು ಕೊಟ್ಟ ಸರ್ಕಾರಕ್ಕೂ ನಡುವಿನ ಒಪ್ಪಂದ. ಶುಲ್ಕ ಅಲ್ಲಿಗೆ, ನಷ್ಟ ಇಲ್ಲಿಗೆ. ಇದನ್ನು ಹೇಳುವಾಗ ಬೆಂಗಳೂರಿನವರಾದ ನಾವು ಒಂದು ಮಾತು ಮರೆಯಬಾರದು. ಮುಂಬಯಿಯ ಗಿರಣಿ ಕಾರ್ಮಿಕನೊಬ್ಬ ಅಂದು ಆ ಕೂಪನ್ ತುಂಬಿ ಸೋತಿದ್ದರೆ, ಅವನ ದುಡ್ಡಿನ ಒಂದು ಪಾಲು ತೆರಿಗೆಯಾಗಿ ನಮ್ಮ ರಾಜ್ಯದ ಬೊಕ್ಕಸಕ್ಕೇ ಬರುತ್ತಿತ್ತು.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ತಾಳ್ಮೆಯಿಂದ ಕೇಳಿ, ‘ಹಂಗಾದ್ರೆ ನನ್ನ ದುಡ್ಡು ವಾಪಸ್ ಬರುತ್ತಾ ಅಕ್ಕಾ?’ ಎಂದ. ಅಂದು ಮುಂಬಯಿಯಲ್ಲಿ ಹಿಡಿದು ಕೇಳಲು ಒಬ್ಬ ಏಜೆಂಟನಿದ್ದ, ಒಂದು ಡಿಪೊ ಇತ್ತು. ಇವನ ದುಡ್ಡು ಹೋದದ್ದು ಯಾರದೋ ಯುಪಿಐ ಐಡಿಗೆ. ಮರುದಿನ ಆ ಐಡಿಯೇ ಇರಲಿಲ್ಲ. ಕಾನೂನಿನ ಹಕ್ಕು ಸಮುದ್ರ ದಾಟುತ್ತದೆ, ಅದರ ಕೈ ಅಷ್ಟು ಉದ್ದವಿಲ್ಲ. ‘ಬರೋದಿಲ್ಲ ಕಣೋ’ ಎಂದೆ. ಅವನು ಟೀ ದುಡ್ಡು ಕೊಡಲು ಹೋದ, ನಾನೇ ಕೊಟ್ಟೆ.